ಕಡಲತೀರದ ಮೈದಾನ ಗುತ್ತಿಗೆಗೆ: ನಗರಸಭೆಯ ನಿರ್ಣಯವನ್ನು ಯಾರಲ್ಲಿ, ಯಾವ ಹಂತದಲ್ಲಿ ಪ್ರಶ್ನಿಸಬೇಕು?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು. ನನ್ನ ಅಕ್ಕನನ್ನು ಕರಾವಳಿಯ ಒಂದು ಸಣ್ಣ ನಗರಕ್ಕೆ ಮದುವೆ ಮಾಡಿ ಕೊಟ್ಟಿದ್ದೇವೆ. ಅಕ್ಕ ಮತ್ತು ಭಾವ ನಾಳೆಯೂ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕಾದವರಾದ್ದರಿಂದ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದಯವಿಟ್ಟು ಯಾರೂ ಊಹಿಸಿ ಬರೆಯಬಾರದೆಂದು ಕೇಳಿಕೊಳ್ಳುತ್ತೇನೆ.

ಅವರ ಮನೆಯ ಮುಂದಿನ ರಸ್ತೆಯನ್ನು ದಾಟಿದರೆ ವಿಶಾಲವಾದ ಒಂದು ಮರಳಿನ ಮೈದಾನ, ಅದರಾಚೆಗೆ ಸಮುದ್ರ. ಮಳೆಗಾಲ ಮುಗಿದ ಮೇಲೆ ಆ ಮೈದಾನದಲ್ಲಿ ಮೀನುಗಾರ ಹೆಂಗಸರು ಹಳೆಯ ಬಲೆಗಳನ್ನು ಹಾಸಿ ಸಿಗಡಿ ಮತ್ತು ಸಣ್ಣ ಮೀನುಗಳನ್ನು ಒಣಗಿಸುತ್ತಾರೆ. ಬೆಳಿಗ್ಗೆ ಹರಡಿದ್ದನ್ನು ಮಧ್ಯಾಹ್ನ ಮಗುಚಿ ಹಾಕಿ, ಕಾಗೆ ನಾಯಿಗಳಿಂದ ಕಾಯ್ದುಕೊಂಡು, ಇಬ್ಬನಿ ಬೀಳುವ ಮೊದಲೇ ಗೋಣಿಚೀಲಗಳಿಗೆ ತುಂಬುತ್ತಾರೆ. ಕಡಲು ಉಕ್ಕೇರಿದ ದಿನಗಳಲ್ಲಿ ನಾಡದೋಣಿಗಳನ್ನು ಅಲ್ಲಿಯವರೆಗೆ ಎಳೆದು ತಂದು ಇಡುತ್ತಾರೆ. ಮೈದಾನದ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡು, ಕೆಲವು ತಳ್ಳುಗಾಡಿಗಳು ಬಹಳ ವರ್ಷಗಳಿಂದ ನಿಲ್ಲುತ್ತಿವೆ. ಚಹಾ ಮತ್ತು ಗೋಳಿಬಜೆ ಮಾರುವ ನನ್ನ ಭಾವನ ಗಾಡಿಯೂ ಅವುಗಳಲ್ಲಿ ಒಂದು.

ಇತ್ತೀಚೆಗೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂತು. ನಗರಸಭೆಯ ಸಾಮಾನ್ಯ ಸಭೆಯು ಈ ಮೈದಾನವನ್ನು ವಾಹನ ನಿಲುಗಡೆ ಮತ್ತು ತಿನಿಸು ಮಳಿಗೆಗಳಿಗಾಗಿ ಖಾಸಗಿಯವರಿಗೆ ಹತ್ತು ವರ್ಷಗಳ ಗುತ್ತಿಗೆಗೆ ಕೊಡಲು ಒಪ್ಪಿದೆ ಎಂಬುದು ಅದರ ಸಾರಾಂಶ. ಅದಾದ ಸ್ವಲ್ಪ ದಿನಗಳಲ್ಲಿಯೇ ಯಾರೋ ಬಂದು ಅಳತೆ ಮಾಡಿ, ಕೆಂಪು ಬಣ್ಣ ಬಳಿದ ಗೂಟಗಳನ್ನು ನೆಟ್ಟು ಹೋಗಿದ್ದಾರೆ. ಗಾಡಿಯವರಿಗೆ ಜಾಗ ಖಾಲಿ ಮಾಡಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆಯೇ ಹೊರತು ಯಾವ ನೋಟಿಸನ್ನೂ ಕೊಟ್ಟಿಲ್ಲ. ವಾರ್ಡಿನ ಸದಸ್ಯರನ್ನು ಕೇಳಿದರೆ, ನಿರ್ಣಯ ಆಗಿಹೋಗಿದೆ, ಇನ್ನು ಮಾಡುವುದಕ್ಕೇನೂ ಇಲ್ಲ ಎಂದರಂತೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಒಂದು ನಗರಸಭೆ ಇಂಥ ನಿರ್ಣಯವನ್ನು ತೆಗೆದುಕೊಂಡ ಮೇಲೆ ನಿಜವಾಗಿಯೂ ಎಲ್ಲ ಬಾಗಿಲುಗಳೂ ಮುಚ್ಚಿಹೋಗುತ್ತವೆಯೇ? ಸಮುದ್ರದ ಪಕ್ಕದ ಜಾಗದ ಬಗ್ಗೆ ತೀರ್ಮಾನಿಸುವ ಅಧಿಕಾರ ನಗರಸಭೆಯೊಂದಕ್ಕೇ ಇದೆಯೇ? ಅಕ್ಕ ಅಲ್ಲಿ ಮನೆಕಂದಾಯ ಕಟ್ಟುತ್ತಾಳೆ, ಮತದಾನ ಮಾಡುತ್ತಾಳೆ, ಆದರೆ ಕಾಗದಪತ್ರದ ಕೆಲಸ ಅವಳಿಗೆ ಅಭ್ಯಾಸವಿಲ್ಲ. ಅವಳ ಪರವಾಗಿ, ಬೇರೆ ಜಿಲ್ಲೆಯ ಮತದಾರಳಾದ ನಾನು ದಾಖಲೆಗಳನ್ನು ಕೇಳಬಹುದೇ? ಈ ವ್ಯವಹಾರವನ್ನು ಬಲ್ಲವರು ದಾರಿ ತೋರಿಸಬೇಕು.

ಉತ್ತರ (ಹಾಸನದಿಂದ, ನಿವೃತ್ತ ಪುರಸಭಾ ನೌಕರ)

ಮೇಡಂ, ನಾನು ಹಾಸನ ಜಿಲ್ಲೆಯ ಬೇರೆ ಬೇರೆ ಪುರಸಭೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಡೆ ಸಮುದ್ರವಿಲ್ಲದಿದ್ದರೂ ಸಂತೆ ಮೈದಾನಗಳ ಹರಾಜು, ಬಸ್ ನಿಲ್ದಾಣದ ಮಳಿಗೆಗಳ ಗುತ್ತಿಗೆ ಇವೆಲ್ಲವೂ ನನ್ನ ಕೈಯಲ್ಲಿ ಹಾದುಹೋದ ಕಡತಗಳೇ. ನಿಮ್ಮ ಅಕ್ಕನ ಊರಿನ ನಗರಸಭೆಯನ್ನೂ ನಡೆಸುವುದು ಅದೇ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ.

ಮೊದಲನೆಯದಾಗಿ, ನಿರ್ಣಯ ಆಗಿಹೋಗಿದೆ ಎಂಬ ಮಾತಿಗೆ ಎದೆಗುಂದಬೇಡಿ. ಸಾಮಾನ್ಯ ಸಭೆಯ ನಿರ್ಣಯ ಒಂದು ಕಡತದ ನಡುವಿನ ಹಾಳೆ ಮಾತ್ರ. ಅದರ ನಂತರ ನಡಾವಳಿಯ ದೃಢೀಕರಣವಾಗಬೇಕು, ಬೇಕಾದಲ್ಲಿ ಮೇಲಿನವರ ಮಂಜೂರಾತಿ ಬರಬೇಕು, ಟೆಂಡರ್ ಕರೆಯಬೇಕು ಅಥವಾ ಬಹಿರಂಗ ಹರಾಜು ನಡೆಯಬೇಕು, ಕರಾರು ಪತ್ರಕ್ಕೆ ಸಹಿಯಾಗಬೇಕು. ಇವುಗಳಲ್ಲಿ ಯಾವ ಹಂತದಲ್ಲಿ ಕಡತ ನಿಂತಿದೆ ಎಂಬುದನ್ನು ತಿಳಿಯದೆ ಪ್ರತಿಭಟನೆಗೆ ಕುಳಿತರೆ ಅಧಿಕಾರಿಗಳು ಇನ್ನೂ ಏನೂ ಆಗಿಲ್ಲವಲ್ಲ ಎನ್ನುತ್ತಾರೆ. ತಿಳಿಯದೆ ಸುಮ್ಮನಿದ್ದರೆ ಎಲ್ಲವೂ ಮುಗಿದುಹೋಯಿತಲ್ಲ ಎನ್ನುತ್ತಾರೆ. ಎರಡೂ ಮಾತುಗಳನ್ನು ನಾನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿದ್ದೇನೆ.

ನಿಮ್ಮ ವಿಷಯದಲ್ಲಿ ಬಹಳ ಮುಖ್ಯವಾದದ್ದು ಹತ್ತು ವರ್ಷ ಎಂಬ ಅವಧಿ. ಅಧಿನಿಯಮದ 72ನೇ ಪ್ರಕರಣದ ಪ್ರಕಾರ ಸ್ಥಿರಾಸ್ತಿಯನ್ನು ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಕೊಡಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಾಗಾಗಿ ನಡಾವಳಿಯಲ್ಲಿ 'ಸರ್ಕಾರದ ಅನುಮೋದನೆಗೆ ಒಳಪಟ್ಟು' ಎಂಬ ಮಾತಿದೆಯೇ, ಇದ್ದರೆ ಪ್ರಸ್ತಾವನೆ ಪೌರಾಡಳಿತ ನಿರ್ದೇಶನಾಲಯಕ್ಕೆ ಹೋಗಿದೆಯೇ ಎಂದು ನೋಡಬೇಕು. ಅನುಮೋದನೆ ಬರುವ ಮೊದಲೇ ಗೂಟ ನೆಟ್ಟಿದ್ದರೆ ಅದನ್ನು ಲಿಖಿತವಾಗಿ ಪ್ರಶ್ನಿಸುವುದಕ್ಕೆ ನಿಮಗೆ ಗಟ್ಟಿಯಾದ ಆಧಾರ ಸಿಕ್ಕಂತಾಯಿತು.

ಎರಡನೆಯದು ಕಾರ್ಯಸೂಚಿ. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ, ವಿಶೇಷ ಸಭೆಗೆ ಮೂರು ದಿನ ಮುಂಚೆ ಸದಸ್ಯರಿಗೆ ತಿಳಿವಳಿಕೆ ಪತ್ರ ಹೋಗಬೇಕು. ಗುತ್ತಿಗೆಯ ವಿಷಯ ಆ ಪತ್ರದಲ್ಲಿಯೇ ಮುದ್ರಿತವಾಗಿತ್ತೋ ಅಥವಾ ಕೊನೆಯಲ್ಲಿ 'ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು' ಎಂಬ ಸಾಲಿನ ಅಡಿಯಲ್ಲಿ ಮಂಡಿಸಿದರೋ ಎಂಬುದು ದೊಡ್ಡ ವ್ಯತ್ಯಾಸ. ಆ ಕೊನೆಯ ಸಾಲಿನಲ್ಲಿ ಬರುವ ವಿಷಯವನ್ನು ಎಷ್ಟೋ ಸದಸ್ಯರು ಓದಿರುವುದೇ ಇಲ್ಲ. ಊಟದ ಹೊತ್ತು ಮೀರಿರುತ್ತದೆ, ಮೇಜು ಕುಟ್ಟಿ ಒಪ್ಪಿಗೆ ಸೂಚಿಸಿ ಎದ್ದುಬಿಡುತ್ತಾರೆ.

ಮೂರನೆಯದನ್ನು ಎಲ್ಲಕ್ಕಿಂತ ಮೊದಲು ಪರಿಶೀಲಿಸಿ ಎಂದು ಹೇಳುತ್ತೇನೆ: ಆ ಮೈದಾನ ಯಾರದು? ಕಡಲತೀರದ ಜಮೀನು ಬಹಳಷ್ಟು ಕಡೆ ಕಂದಾಯ ಇಲಾಖೆಯ ದಾಖಲೆಯಲ್ಲಿ ಸರ್ಕಾರಿ ಜಮೀನಾಗಿಯೇ ಇರುತ್ತದೆ. ನಗರಸಭೆಯ ಗಡಿಯೊಳಗೆ ಇದ್ದ ಮಾತ್ರಕ್ಕೆ ನಗರಸಭೆಯ ಆಸ್ತಿಯಾಗುವುದಿಲ್ಲ. ಸರ್ವೆ ನಂಬರ್ ಗೊತ್ತಾದರೆ ಪಹಣಿಯನ್ನು ಯಾರು ಬೇಕಾದರೂ ಪಡೆಯಬಹುದು. ತನ್ನ ಹೆಸರಿನಲ್ಲಿ ಇಲ್ಲದ, ತನಗೆ ಹಸ್ತಾಂತರವಾಗದ ಜಮೀನನ್ನು ಗುತ್ತಿಗೆ ಕೊಡುವ ಅಧಿಕಾರ ಯಾವ ಪೌರ ಸಂಸ್ಥೆಗೂ ಇಲ್ಲ. ಕಾನೂನಿಗೆ ಹೊರತಾದ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೇ ಅಧಿನಿಯಮದಲ್ಲಿ ಇದೆ.

ಕಡತ ಎಂದು ಹುಟ್ಟಿತು ಎಂಬುದನ್ನೂ ನೋಡಿ. 2018ರ ಆಗಸ್ಟ್ 31ರಂದು ಚುನಾವಣೆ ನಡೆದ ನಗರಸಭೆ, ಪುರಸಭೆಗಳಲ್ಲಿ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆಯಾಗುವಾಗ 2020ರ ಕೊನೆ ಬಂದಿತ್ತು. ಅಧ್ಯಕ್ಷರ ಮೊದಲ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ನಡುವಿನ ಆ ದೀರ್ಘ ಕಾಲದಲ್ಲಿ ಆಡಳಿತಾಧಿಕಾರಿಗಳೇ ತೀರ್ಮಾನಗಳನ್ನು ಮಾಡಿದರು. ಜನ ಆರಿಸಿದ ಸದಸ್ಯರು ಇದ್ದೂ ಸಭೆ ಸೇರಲಾಗದ ಆ ಅವಧಿಯಲ್ಲಿ ತಯಾರಾದ ಪ್ರಸ್ತಾವನೆಗಳನ್ನು ಆಮೇಲೆ ಸಭೆಯ ಮುಂದೆ ಬರಿಯ ಅನುಮೋದನೆಗಾಗಿ ಇಟ್ಟದ್ದುಂಟು. ಇದು ನನಗೆ ಇಂದಿಗೂ ನೋವು ತರುವ ಸಂಗತಿ. ನಗರಾಡಳಿತ ಸಂಸ್ಥೆಗಳಿಗೆ ಸಂಬಂಧಿಸಿದ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದದ್ದೇ ಇಂಥ ಖಾಲಿತನ ಇರಬಾರದೆಂದು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸರಳ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಭಾರತದ ಯಾವ ಪ್ರಜೆಯಾದರೂ ಮಾಹಿತಿ ಕೇಳಬಹುದು. ಆ ಊರಿನ ಮತದಾರರೇ ಆಗಿರಬೇಕೆಂದಿಲ್ಲ, ಏಕೆ ಬೇಕು ಎಂದು ಕಾರಣ ಕೊಡಬೇಕಾಗಿಯೂ ಇಲ್ಲ.

ಉತ್ತರ (ಸಕಲೇಶಪುರದಿಂದ)

ಮೇಲಿನ ಹಿರಿಯರು ಪುರಸಭೆಯ ಕಾನೂನನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಕೆಲಸದ ನಿಮಿತ್ತ ಕರಾವಳಿಯಲ್ಲಿ ಬಹಳ ಕಾಲ ಇದ್ದು ಶಿರಾಡಿ ಹತ್ತಿ ಮರಳಿ ಬಂದವನು. ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ, ಅಂದರೆ ಸಮುದ್ರದ ಪಕ್ಕದ ಜಾಗಕ್ಕೆ ಯಾರು ಹೊಣೆ ಎಂಬುದರ ಬಗ್ಗೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಘಟ್ಟದ ಮೇಲಿನ ನಮಗೆ ಅಷ್ಟಾಗಿ ತಿಳಿಯದ ಒಂದು ಸಂಗತಿಯೆಂದರೆ ಕರಾವಳಿ ನಿಯಂತ್ರಣ ವಲಯ. ಜನ ಮಾತಿನಲ್ಲಿ ಸಿಆರ್‌ಜೆಡ್ ಎನ್ನುತ್ತಾರೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 1991ರಲ್ಲಿ ಮೊದಲ ಅಧಿಸೂಚನೆ ಹೊರಡಿಸಿತು, 2011ರಲ್ಲಿ ಅದನ್ನು ಬದಲಿಸಿತು, 2019ರ ಜನವರಿಯಲ್ಲಿ ಈಗಿನ ಅಧಿಸೂಚನೆ ಬಂತು. ಭರತದ ನೀರು ಬಂದು ಮುಟ್ಟುವ ಅತ್ಯಂತ ಮೇಲಿನ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಜಾಗ ಈ ವಲಯಕ್ಕೆ ಸೇರುತ್ತದೆ. ಭರತ ಮತ್ತು ಇಳಿತದ ಗೆರೆಗಳ ನಡುವಿನ ಮರಳು ಇನ್ನೂ ಕಟ್ಟುನಿಟ್ಟಾದ ವರ್ಗಕ್ಕೆ ಸೇರಿದ್ದು. ನಗರಸಭೆಯ ಗಡಿಯೊಳಗಿನ, ಈಗಾಗಲೇ ಮನೆ ರಸ್ತೆಗಳು ಬೆಳೆದಿರುವ ಪ್ರದೇಶ ಸಾಮಾನ್ಯವಾಗಿ ಎರಡನೆಯ ವರ್ಗದಲ್ಲಿ ಬರುತ್ತದೆ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿರುವುದು ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ಭೂಮಿಯ ಬದಿಗೆ ಮಾತ್ರ. ನಿಮ್ಮ ವರ್ಣನೆಯ ಪ್ರಕಾರ ಆ ಮೈದಾನ ರಸ್ತೆಯಿಂದ ಸಮುದ್ರದ ಬದಿಗಿದೆ. ಹಾಗಿದ್ದರೆ ಅಲ್ಲಿ ಕಾಂಕ್ರೀಟು ಮಳಿಗೆ ಕಟ್ಟುವ ಯೋಜನೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಮೂರನೆಯ ವರ್ಗದ, ಅಂದರೆ ಹೆಚ್ಚು ಕಟ್ಟಡಗಳು ಬೆಳೆದಿಲ್ಲದ ತೀರವಾದರೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಣ್ಣ ಗುಡಿಸಲಿನಂಥ ತಾತ್ಕಾಲಿಕ ಸೌಕರ್ಯಗಳಿಗೆ 2019ರ ಅಧಿಸೂಚನೆ ಅವಕಾಶ ಕೊಡುತ್ತದೆ, ಆದರೆ ಅಲ್ಲಿಯೂ ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಡಬೇಕು. ಯಾವ ವರ್ಗ ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸುವಂತಿಲ್ಲ, ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯನ್ನು ನೋಡಿಯೇ ಹೇಳಬೇಕು.

ಆ ನಕ್ಷೆಯ ಬಗ್ಗೆಯೇ ನಾನು ಒತ್ತಿ ಹೇಳಬೇಕಾದದ್ದಿದೆ. ಮೀನುಗಾರರ ಹಳ್ಳಿಗಳು, ಅವರ ಸಾಮುದಾಯಿಕ ಜಾಗಗಳು, ದೋಣಿ ಕಟ್ಟುವ ದಕ್ಕೆಗಳು, ಮಂಜುಗಡ್ಡೆ ಕಾರ್ಖಾನೆಗಳು, ಮೀನು ಒಣಗಿಸುವ ಕಟ್ಟೆ ಅಥವಾ ಪ್ರದೇಶಗಳು ಇವನ್ನೆಲ್ಲ ಸ್ಥಳೀಯ ಮಟ್ಟದ ನಕ್ಷೆಗಳಲ್ಲಿ ಗುರುತಿಸಬೇಕೆಂದು ಅಧಿಸೂಚನೆಯ ಮಾರ್ಗಸೂಚಿಯೇ ಹೇಳುತ್ತದೆ. ಅಂದರೆ ಬಲೆ ಹಾಸಿ ಸಿಗಡಿ ಒಣಗಿಸುವ ಆ ಹೆಂಗಸರ ಜಾಗಕ್ಕೆ ಕಾನೂನಿನಲ್ಲಿ ಹೆಸರಿದೆ. ಅಲ್ಲಿನ ಮೈದಾನವನ್ನು ನಕ್ಷೆಯಲ್ಲಿ ಮೀನು ಒಣಗಿಸುವ ಪ್ರದೇಶವೆಂದು ತೋರಿಸಿದ್ದಾರೋ ಇಲ್ಲವೋ ನೋಡಿ. ತೋರಿಸಿದ್ದರೆ ನಿಮ್ಮ ವಾದಕ್ಕೆ ಬೇರೆ ಸಾಕ್ಷಿಯೇ ಬೇಡ. ತೋರಿಸದಿದ್ದರೆ ಅದನ್ನು ಸೇರಿಸಬೇಕೆಂದು ಸಂಘದ ಮೂಲಕ ಈಗಲೇ ಮನವಿ ಕೊಡಿ. ಪ್ರತಿ ಕರಾವಳಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯಿದ್ದು, ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು. ಆ ಪ್ರತಿನಿಧಿಗಳು ಯಾರೆಂದು ವಿಚಾರಿಸಿ. ನಾನಿದ್ದ ಊರಿನಲ್ಲಿ ಮೀನುಗಾರರಿಗೇ ತಮ್ಮ ಪ್ರತಿನಿಧಿಯ ಪರಿಚಯ ಇರಲಿಲ್ಲ.

ಕರಾವಳಿಯ ನಗರದಲ್ಲಿ ತೀರ್ಮಾನಗಳು ಒಂದೇ ಕಚೇರಿಯಿಂದ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಬಂದರು, ಮೀನುಗಾರಿಕೆ, ಪ್ರವಾಸೋದ್ಯಮ, ಕಂದಾಯ, ಪರಿಸರ, ಯೋಜನಾ ಪ್ರಾಧಿಕಾರ ಎಲ್ಲವೂ ಅದೇ ಮರಳಿನ ಮೇಲೆ ನಿಂತಿರುತ್ತವೆ. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಯ ಕೆಲಸ ಟ್ಯಾಗೋರ್ ಕಡಲತೀರದ ಬದಿಯಲ್ಲಿ ಆರಂಭವಾದಾಗ ಮೀನುಗಾರರು ಬೀದಿಗಿಳಿದರು. ಮೀನುಗಾರರ ಸಹಕಾರ ಸಂಘವೊಂದು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಅಲ್ಲಿ ಯೋಜನೆ ನಗರಸಭೆಯದಾಗಿರಲಿಲ್ಲ, ಆದರೂ ನಗರದ ತೀರದ ಚಹರೆಯನ್ನೇ ಬದಲಿಸುವಂಥದಾಗಿತ್ತು. ಹಾಗಾಗಿ ನಗರಸಭೆಯ ಸದಸ್ಯರನ್ನು ಮಾತ್ರ ಗುರಿಮಾಡಿಕೊಂಡು ಶಕ್ತಿ ವ್ಯಯಿಸಬೇಡಿ. ಈ ಪ್ರಸ್ತಾವನೆ ನಿಜವಾಗಿ ಯಾವ ಇಲಾಖೆಯ ಪತ್ರದಿಂದ ಹುಟ್ಟಿತು ಎಂದು ಹುಡುಕಿ.

ಉತ್ತರ (ಹಾಸನದಿಂದ, ಬೀದಿಬದಿ ವ್ಯಾಪಾರಿ)

ನಿಮ್ಮ ಭಾವನವರ ಗಾಡಿಯ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತೇನೆ. ಹಾಸನದಲ್ಲಿ ನಾವು ಇದನ್ನೆಲ್ಲ ಅನುಭವಿಸಿಯೇ ಕಲಿತವರು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ದೇಶದ ಎಲ್ಲ ನಗರಗಳಿಗೂ ಅನ್ವಯವಾಗುತ್ತದೆ, ಕಡಲತೀರದ ರಸ್ತೆಗೂ ಅನ್ವಯವಾಗುತ್ತದೆ. ಸಮೀಕ್ಷೆ ನಡೆದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಪ್ರಮಾಣಪತ್ರ ಕೊಟ್ಟ ಮೇಲೆಯೂ ಜಾಗ ಬದಲಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದ್ದು ನೋಟಿಸ್ ಆಗುವುದಿಲ್ಲ. ವ್ಯಾಪಾರ ವಲಯ ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿಷಯ ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಬರಬೇಕು. ಆ ಸಮಿತಿಯ ಅಧ್ಯಕ್ಷರು ಪೌರಾಯುಕ್ತರಾದರೂ ಸದಸ್ಯರಲ್ಲಿ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಒಣಮೀನು ಮಾರುವ ಹೆಂಗಸರೂ ಬೀದಿಬದಿ ವ್ಯಾಪಾರಿಗಳೇ. ಅವರ ಹೆಸರೂ ಸಮೀಕ್ಷೆಯಲ್ಲಿ ಬರಬೇಕು, ಇದನ್ನು ಬಹಳ ಕಡೆ ಮರೆತುಬಿಡುತ್ತಾರೆ.

ಭಾವನವರಲ್ಲಿ ಗುರುತಿನ ಚೀಟಿ ಇದೆಯೇ? ಇಲ್ಲದಿದ್ದರೂ 2020ರ ನಂತರ ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿಯ ಸಾಲ ಪಡೆದಿದ್ದರೆ ಆ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಅವರು ಆ ಊರಿನಲ್ಲಿ ವ್ಯಾಪಾರ ಮಾಡುತ್ತಿದ್ದರು ಎಂದು ನಗರಸಭೆಯೇ ಒಪ್ಪಿದ ಪುರಾವೆ ಅದು. ಶುಲ್ಕ ಕಟ್ಟಿದ ರಸೀದಿಗಳು ಎಷ್ಟೇ ಹಳೆಯವಾದರೂ ಬಿಸಾಡಬಾರದು. ಎಲ್ಲ ಗಾಡಿಯವರೂ ಸೇರಿ ಒಂದೇ ಅರ್ಜಿಗೆ ಸಹಿ ಹಾಕುವುದು ಒಳ್ಳೆಯದು, ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೇ ಬೇರೆ ಬೇರೆ ಭರವಸೆ ಕೊಟ್ಟು ಕಳುಹಿಸುತ್ತಾರೆ.

ಉತ್ತರ (ಮೂಡಿಗೆರೆಯಿಂದ)

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಗರಸಭೆ ಕೈಗೊಂಡ ಉದ್ದೇಶವೇ ತಪ್ಪು ಎಂಬ ಧಾಟಿಯಲ್ಲಿ ಚರ್ಚೆ ಸಾಗುತ್ತಿರುವುದು ಸರಿಯಲ್ಲ ಎನಿಸುತ್ತದೆ. ಸಣ್ಣ ನಗರಸಭೆಗಳಿಗೆ ಸ್ವಂತ ವರಮಾನವೆಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ ಇಷ್ಟೇ. ವಾರದ ಕೊನೆಯಲ್ಲಿ ನೂರಾರು ವಾಹನಗಳು ಬಂದು ನಿಂತಾಗ ಶೌಚಾಲಯ, ಕಸ ಸಾಗಣೆ, ಜೀವರಕ್ಷಕ ಸಿಬ್ಬಂದಿ ಇವುಗಳ ಖರ್ಚನ್ನು ಅಲ್ಲಿನ ತೆರಿಗೆದಾರರೇ ಏಕೆ ಹೊರಬೇಕು? ಬರುವವರಲ್ಲಿ ನಮ್ಮ ಚಿಕ್ಕಮಗಳೂರು, ಹಾಸನದವರೂ ಇದ್ದಾರಲ್ಲ.

ಮುಳ್ಳಯ್ಯನಗಿರಿಯಲ್ಲಿ ನಾವು ಇದನ್ನು ಅನುಭವಿಸಿದ್ದೇವೆ. ರಜೆಯ ದಿನ ಇಕ್ಕಟ್ಟಾದ ಆ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತು, ಕೈಮರದ ಆಚೆಗಿನ ಊರುಗಳವರು ಆಸ್ಪತ್ರೆಗೆ ಹೋಗುವುದೂ ಕಷ್ಟವಾದಾಗ, ಜಿಲ್ಲಾಡಳಿತ ಪ್ರವಾಸಿಗರ ವಾಹನಗಳಿಗೆ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಅದನ್ನು ವಿರೋಧಿಸಿದವರೂ ಇದ್ದರು, ಆದರೆ ವ್ಯವಸ್ಥೆಯೇ ಬೇಡ ಎಂದು ಯಾರೂ ಹೇಳುವಂತಿರಲಿಲ್ಲ. ಕಡಲತೀರದಲ್ಲಿಯೂ ವಾಹನ ನಿಲುಗಡೆಗೆ ಒಂದು ಜಾಗ ಬೇಕೇ ಬೇಕು. ನೀವು ಬರಿಯ ಆಕ್ಷೇಪಣೆ ಕೊಡುವ ಬದಲು ರಸ್ತೆಯ ಒಳಬದಿಯಲ್ಲಿ ಯಾವ ಸರ್ಕಾರಿ ಜಾಗವಿದೆ, ವರ್ಷದ ಯಾವ ತಿಂಗಳುಗಳಲ್ಲಿ ಮೈದಾನದ ಎಷ್ಟು ಭಾಗ ಬಿಡುವಿರುತ್ತದೆ ಎಂಬುದನ್ನು ಬರೆದುಕೊಟ್ಟರೆ ಸದಸ್ಯರು ಹೆಚ್ಚು ಗೌರವದಿಂದ ಕೇಳುತ್ತಾರೆ.

ಆದರೂ ಒಂದು ವಿಷಯದಲ್ಲಿ ಮೇಲಿನವರ ಜೊತೆಗಿದ್ದೇನೆ. ಸಮುದ್ರವನ್ನು ಬಲ್ಲವರ ಮಾತು ಕೇಳದೆ ಕೈಗೊಂಡ ಯೋಜನೆ ನಿಲ್ಲುವುದಿಲ್ಲ. 2022ರ ಮೇ ತಿಂಗಳಲ್ಲಿ, ಮಳೆಗಾಲದ ಬಾಗಿಲಿನಲ್ಲಿ, ಮಲ್ಪೆಯಲ್ಲಿ ಉದ್ಘಾಟನೆಯಾದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸಿಕ್ಕಿ ಹಾನಿಗೊಂಡದ್ದನ್ನು ಎಲ್ಲರೂ ನೋಡಿದ್ದೇವೆ. ಮೇ ತಿಂಗಳ ಕಡಲು ಹೇಗಿರುತ್ತದೆ ಎಂದು ಅಲ್ಲಿನ ಯಾವ ಮೀನುಗಾರನನ್ನು ಕೇಳಿದ್ದರೂ ಹೇಳುತ್ತಿದ್ದ.

ಪ್ರಶ್ನೆ ಕೇಳಿದವರಿಂದ (ಚಿಕ್ಕಮಗಳೂರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ನಿಮ್ಮ ಸಲಹೆಯಂತೆ ಅಕ್ಕನಿಗೆ ಫೋನು ಮಾಡಿ ಕೆಲವು ಕಾಗದಗಳನ್ನು ತರಿಸಿಕೊಂಡೆ. ವಿರೋಧ ಪಕ್ಷದ ಸದಸ್ಯರೊಬ್ಬರು ಕಾರ್ಯಸೂಚಿಯ ಪ್ರತಿಯನ್ನೂ, ಅದರ ಜೊತೆಗಿದ್ದ ಕಚೇರಿ ಟಿಪ್ಪಣಿಯನ್ನೂ ಕೊಟ್ಟಿದ್ದಾರೆ.

ವಿಷಯ ಕಾರ್ಯಸೂಚಿಯಲ್ಲಿ ಮುದ್ರಿತವಾಗಿಯೇ ಇತ್ತು, ಕೊನೆಯ ಸಾಲಿನಲ್ಲಿ ತಂದದ್ದಲ್ಲ. ಆದರೆ ಟಿಪ್ಪಣಿಯಲ್ಲಿ ಮೈದಾನವನ್ನು 'ಉಪಯೋಗವಿಲ್ಲದೆ ಖಾಲಿ ಬಿದ್ದಿರುವ ಜಾಗ' ಎಂದು ಬರೆದಿದ್ದಾರೆ. ಅದಕ್ಕೆ ಒಂದು ಫೋಟೊ ಲಗತ್ತಿಸಿದ್ದಾರೆ. ಫೋಟೊದಲ್ಲಿ ಮರಳೆಲ್ಲ ಒದ್ದೆಯಾಗಿದೆ, ಆಕಾಶ ಕಪ್ಪಾಗಿದೆ, ಒಣಗಿಸುವ ಬಲೆಗಳಿಲ್ಲ. ಎಡಗಡೆಯ ಅಂಚಿನಲ್ಲಿ ಒಂದು ದೋಣಿಯ ಮೂತಿ ಮಾತ್ರ ಕಾಣುತ್ತದೆ, ಉಳಿದ ದೋಣಿಗಳು ಚೌಕಟ್ಟಿನ ಆಚೆಗಿವೆ. ಮಳೆಗಾಲದಲ್ಲಿ ತೆಗೆದ ಚಿತ್ರವನ್ನು ಇಟ್ಟುಕೊಂಡು ವರ್ಷವಿಡೀ ಖಾಲಿ ಎಂದು ಸಭೆಗೆ ತಿಳಿಸಿದ್ದಾರೆ. ಇದನ್ನು ನೋಡಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಸಭೆಯಲ್ಲಿ ಕುಳಿತವರಲ್ಲಿ ಹಲವರು ಅದೇ ರಸ್ತೆಯಲ್ಲಿ ದಿನವೂ ಓಡಾಡುವವರು.

ಪಹಣಿಯನ್ನೂ ತೆಗೆಸಿದೆವು. ಜಮೀನು ಸರ್ಕಾರದ ಹೆಸರಿನಲ್ಲಿದೆ, ನಗರಸಭೆಗೆ ಹಸ್ತಾಂತರವಾದ ಬಗ್ಗೆ ಅದರಲ್ಲಿ ಏನೂ ನಮೂದಾಗಿಲ್ಲ. ಮೂಡಿಗೆರೆಯ ಸರ್ ಹೇಳಿದ ಮಾತನ್ನೂ ಅಕ್ಕನಿಗೆ ತಿಳಿಸಿದೆ. ರಸ್ತೆಯ ಒಳಬದಿಯಲ್ಲಿ ಮುಚ್ಚಿಹೋದ ಒಂದು ಹಳೆಯ ಗೋದಾಮಿನ ಸರ್ಕಾರಿ ಆವರಣವಿದೆಯಂತೆ, ಅಲ್ಲಿ ವಾಹನ ನಿಲ್ಲಿಸಲು ಹೆಂಗಸರ ಅಭ್ಯಂತರವಿಲ್ಲ. ಶೌಚಾಲಯ ಬೇಕೆಂದು ಅವರೇ ಎಷ್ಟೋ ಕಾಲದಿಂದ ಕೇಳುತ್ತಿದ್ದಾರೆ, ಏಕೆಂದರೆ ಬೆಳಗಿನಿಂದ ಸಂಜೆಯವರೆಗೆ ಮೈದಾನದಲ್ಲಿ ಇರುವವರು ಅವರೇ. ಈಗ ಯಾವ ಅರ್ಜಿಯನ್ನು ಮೊದಲು ಕೊಡಬೇಕು, ಅದರಲ್ಲಿ ಏನೇನು ಬರೆಯಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಹಾಸನದಿಂದ, ನಿವೃತ್ತ ಪುರಸಭಾ ನೌಕರ)

ಮೇಡಂ, ನಿಮ್ಮ ಕೈಗೆ ಬಂದಿರುವ ಆ ಟಿಪ್ಪಣಿ ಬಹಳ ಬೆಲೆಯುಳ್ಳದ್ದು. ಸದಸ್ಯರು ಒಪ್ಪಿಗೆ ಕೊಟ್ಟದ್ದು ಟಿಪ್ಪಣಿಯನ್ನು ನಂಬಿ. ಟಿಪ್ಪಣಿಯ ಆಧಾರವೇ ತಪ್ಪಾಗಿದ್ದರೆ ಅವರಿಗೆ ತಮ್ಮ ನಿರ್ಣಯವನ್ನು ಮರುಪರಿಶೀಲಿಸಲು ಮರ್ಯಾದೆಯ ದಾರಿಯೊಂದು ಸಿಗುತ್ತದೆ. ಯಾರ ಮೇಲೂ ಆರೋಪ ಹೊರಿಸದೆ, 'ಸಭೆಗೆ ಒದಗಿಸಿದ ಮಾಹಿತಿ ಅಪೂರ್ಣವಾಗಿತ್ತು' ಎಂದಷ್ಟೇ ಬರೆಯಿರಿ. ಕೆಲಸ ಆಗಬೇಕಾದರೆ ಆ ಒಂದು ವಾಕ್ಯ ಹತ್ತು ಘೋಷಣೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ಅರ್ಜಿ ಜಿಲ್ಲಾಧಿಕಾರಿಗೆ ಹೋಗಲಿ. ಅದನ್ನು ಅಕ್ಕ, ಒಣಮೀನಿನ ಹೆಂಗಸರು ಮತ್ತು ಗಾಡಿಯವರು ಸಹಿ ಹಾಕಿ ಕೊಡಬೇಕು, ನೀವಲ್ಲ. ಜಮೀನು ಕಂದಾಯ ದಾಖಲೆಯಲ್ಲಿ ಸರ್ಕಾರದ್ದಾಗಿದೆ, ಐದು ವರ್ಷ ಮೀರಿದ ಗುತ್ತಿಗೆಗೆ ಸರ್ಕಾರದ ಪೂರ್ವಾನುಮತಿ ಕಾಣುತ್ತಿಲ್ಲ, ಕರಾವಳಿ ನಿಯಂತ್ರಣ ವಲಯದ ಅನುಮತಿಯ ಪ್ರಸ್ತಾಪವೂ ಇಲ್ಲ, ಆದ್ದರಿಂದ ನಿರ್ಣಯದ ಜಾರಿಯನ್ನು ತಡೆಹಿಡಿಯಬೇಕು ಎಂಬುದೇ ಕೋರಿಕೆ. ಪಹಣಿ, ಕಾರ್ಯಸೂಚಿ ಮತ್ತು ಬಿಸಿಲುಗಾಲದಲ್ಲಿ ಮೈದಾನದ ತುಂಬ ಮೀನು ಹರಡಿರುವ ಫೋಟೊಗಳನ್ನು ಲಗತ್ತಿಸಿ. ಗೋದಾಮಿನ ಆವರಣದ ಸಲಹೆಯನ್ನು ಕೊನೆಯ ಪರಿಚ್ಛೇದದಲ್ಲಿ ಸೇರಿಸಿ. ಮೂಡಿಗೆರೆಯವರು ಹೇಳಿದ್ದು ಸರಿ, ಪರ್ಯಾಯ ತೋರಿಸಿದ ಅರ್ಜಿಯನ್ನು ಬದಿಗಿಡುವುದು ಯಾವ ಅಧಿಕಾರಿಗೂ ಕಷ್ಟ. ಪ್ರತಿಗಳನ್ನು ಪೌರಾಯುಕ್ತರಿಗೆ, ಮೀನುಗಾರಿಕೆ ಇಲಾಖೆಗೆ, ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರಿಗೆ ಕೊಡಿ. ಮೀನುಗಾರರ ಸಹಕಾರ ಸಂಘವೂ ತನ್ನ ಸಭೆಯಲ್ಲಿ ಒಂದು ಠರಾವು ಮಾಡಿ ಕಳುಹಿಸಿದರೆ ಇನ್ನೂ ಒಳ್ಳೆಯದು.

ಶಾಸಕರೂ ಸಂಸದರೂ ನಗರಸಭೆಯ ಸದಸ್ಯರೇ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಅಕ್ಕನ ಊರು ಉಡುಪಿ, ಕಾಪು ಅಥವಾ ಕುಂದಾಪುರ ವಿಧಾನಸಭಾ ಕ್ಷೇತ್ರದ್ದಾಗಿದ್ದರೆ, 2009ರ ಚುನಾವಣೆಯಿಂದ ಅದೂ ನಿಮ್ಮ ಚಿಕ್ಕಮಗಳೂರೂ ಒಂದೇ ಲೋಕಸಭಾ ಕ್ಷೇತ್ರ. ಆಗ ಅಲ್ಲಿನ ಸಭೆಯ ಸದಸ್ಯರೊಬ್ಬರಿಗೆ ನೀವು ಸ್ವಂತ ಮತದಾರಳಾಗಿಯೇ ಪತ್ರ ಬರೆಯಬಹುದು. ಬೇರೆ ಊರಾಗಿದ್ದರೆ ಅಕ್ಕನೇ ಬರೆಯಲಿ. ಊರಿನ ಹೆಸರನ್ನು ನಾನು ಕೇಳುತ್ತಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯನ್ನು ನೀವೇ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಬರಹ 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ, ಪ್ರತಿಯ ಪುಟವೊಂದಕ್ಕೆ 2 ರೂಪಾಯಿ. ಉದ್ದವಾಗಿ ಬರೆದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ, ಆದ್ದರಿಂದ ಹೀಗೆ ಬರೆದರೆ ಸಾಕು: 'ಸದರಿ ಸರ್ವೆ ನಂಬರಿನ ಮೈದಾನವನ್ನು ಗುತ್ತಿಗೆಗೆ ನೀಡುವ ವಿಷಯಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು ಮತ್ತು ಪತ್ರವ್ಯವಹಾರ, ಸಾಮಾನ್ಯ ಸಭೆಯ ನಡಾವಳಿ, ಜಮೀನು ನಗರಸಭೆಗೆ ಹಸ್ತಾಂತರವಾದ ಆದೇಶ, ಸರ್ಕಾರದ ಪೂರ್ವಾನುಮತಿ ಹಾಗೂ ಕರಾವಳಿ ನಿಯಂತ್ರಣ ವಲಯದ ಅನುಮತಿ ಪತ್ರ, ಇವುಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ. ಇವುಗಳಲ್ಲಿ ಯಾವುದಾದರೂ ಲಭ್ಯವಿಲ್ಲದಿದ್ದರೆ ಲಭ್ಯವಿಲ್ಲ ಎಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.' ಕೊನೆಯ ವಾಕ್ಯವನ್ನು ಬಿಡಬೇಡಿ. ಅನುಮತಿ ಇಲ್ಲ ಎಂದು ಅವರೇ ಬರೆದುಕೊಟ್ಟ ಒಂದು ಸಾಲು ಮುಂದೆ ಎಲ್ಲಿಗೆ ಹೋಗಬೇಕಾಗಿ ಬಂದರೂ, ಹೈಕೋರ್ಟಿಗಾಗಲಿ ಪರಿಸರದ ಮೊಕದ್ದಮೆಗಳನ್ನು ನೋಡುವ ಚೆನ್ನೈಯ ಹಸಿರು ನ್ಯಾಯಪೀಠಕ್ಕಾಗಲಿ, ನಿಮ್ಮ ಜೊತೆಗಿರುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ.

ಅಲ್ಲಿಯವರೆಗೆ ಗೂಟಗಳನ್ನು ಯಾರೂ ಕೀಳಬಾರದೆಂದು ಊರಿನ ಹುಡುಗರಿಗೆ ತಿಳಿಸಿ. ಒಂದು ಗೂಟ ಕಿತ್ತರೂ ಪೊಲೀಸ್ ದೂರು ದಾಖಲಾಗಿ ವಿಷಯವೇ ಬೇರೆಡೆಗೆ ತಿರುಗುತ್ತದೆ. ಮುಂದಿನ ಸಾಮಾನ್ಯ ಸಭೆಯ ದಿನಾಂಕವನ್ನು ವಿಚಾರಿಸಿಕೊಂಡು, ಅದಕ್ಕೆ ಮುಂಚೆಯೇ ಪ್ರತಿಯೊಬ್ಬ ಸದಸ್ಯರ ಮನೆಗೂ ಅರ್ಜಿಯ ಪ್ರತಿಯನ್ನು ತಲುಪಿಸಿ. ನಿಮ್ಮಲ್ಲಿ ಉಳಿಯುವ ಪ್ರತಿಗೆ ಕಚೇರಿಯ ಸ್ವೀಕೃತಿ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಿ.